ಕುಸುಬಿ ಎಣ್ಣೆ ತೆಳು, ಕುರಿ ಕೊಬ್ಬು ಗಟ್ಟಿ: ಯಾಕೆ?

ಚಳಿಗಾಲದಲ್ಲಿ ರಾತ್ರಿ ಉಳಿದ ಮಟನ್ ಸಾರಿನ ಮುಚ್ಚಳ ಬೆಳಿಗ್ಗೆ ತೆಗೆದು ನೋಡಿ. ಮೇಲೆ ಮೇಣದ ಹಾಗೆ ಬಿಳಿ ಕೊಬ್ಬು ಕಟ್ಟಿರುತ್ತದೆ, ಚಮಚದಿಂದ ಒತ್ತಿದರೆ ಬಿರುಕು ಬಿಡುತ್ತದೆ. ಪಕ್ಕದಲ್ಲೇ ಇರುವ ಕುಸುಬಿ ಎಣ್ಣೆ ಮಾತ್ರ ಬೀದರಿನ ಚಳಿಯಲ್ಲೂ ಸಲೀಸಾಗಿ ಹರಿಯುತ್ತದೆ. ಕುರಿ ತಿಂದ ಹುಲ್ಲು, ಹಿಂಡಿಯಲ್ಲಿ ಇದ್ದದ್ದೂ ಇಂಥ ತೆಳು ಕೊಬ್ಬೇ ಅಲ್ವಾ? ಮತ್ತೆ ಗಟ್ಟಿ ಮಾಡಿದ್ದು ಯಾರು?

ಕುರಿಯ ಮೊದಲ ಹೊಟ್ಟೆ, ಅಂದರೆ ರೂಮೆನ್‌ನಲ್ಲಿರುವ ಬ್ಯಾಕ್ಟೀರಿಯಾ. ಒಂದು ಮಿಲಿಲೀಟರ್ ರಸದಲ್ಲೇ ನೂರಾರು ಕೋಟಿ ಇರುತ್ತವೆ. ಕೊಬ್ಬು ಒಳಗೆ ಬಂದ ಕೂಡಲೇ ಅದನ್ನು ಒಡೆದು, ಕೊಬ್ಬಿನ ಬಿಡಿ ಭಾಗಗಳಾದ ಕೊಬ್ಬಿನಾಮ್ಲಗಳನ್ನು ಬಿಡಿಸುತ್ತವೆ. ಕುಸುಬಿ ಎಣ್ಣೆಯಲ್ಲಿ ಜಾಸ್ತಿ ಇರುವ ಲಿನೋಲಿಕ್ ಆಮ್ಲ ಈ ಜೀವಿಗಳಿಗೆ ವಿಷ, ಅದರಲ್ಲೂ ನಾರು ಕರಗಿಸುವವಕ್ಕೆ. ಅದಕ್ಕೇ ಅವು ಆ ಆಮ್ಲಕ್ಕೆ ಹಂತ ಹಂತವಾಗಿ ಹೈಡ್ರೋಜನ್ ಸೇರಿಸಿ ಸ್ಟಿಯರಿಕ್ ಆಮ್ಲ ಅನ್ನುವ ಗಟ್ಟಿ ಕೊಬ್ಬಿನಾಮ್ಲ ಮಾಡಿಬಿಡುತ್ತವೆ. ಅದು ಕರಗಬೇಕಾದರೆ ಸುಮಾರು 69 ಡಿಗ್ರಿ ಬಿಸಿ ಬೇಕು. ಡಾಲ್ಡಾ ತಯಾರಿಸುವಾಗ ಕಾರ್ಖಾನೆಯಲ್ಲಿ ನಿಕೆಲ್ ಹಾಕಿ ಮಾಡುವ ಕೆಲಸವನ್ನು ಇವು 39 ಡಿಗ್ರಿಯಲ್ಲಿ, ಸುಮ್ನೆ ಹೊಟ್ಟೆಯೊಳಗೇ ಮುಗಿಸುತ್ತವೆ. ನನಗೆ ಇದು ಇವತ್ತಿಗೂ ಬೆರಗು.

ಈ ಕೆಲಸ ಎಷ್ಟರಮಟ್ಟಿಗೆ ಆಗುತ್ತದೆ ಅನ್ನೋದು ಮೇವಿನ ಮೇಲಿದೆ. ಜೋಳದ ಕಣಿಕಿ (ಒಣ ದಂಟು), ತೊಗರಿ ಹೊಟ್ಟು ತಿಂದು ಮೆಲುಕು ಹಾಕುವ ಕುರಿಯಲ್ಲಿ ಅದು ಹೆಚ್ಚುಕಡಿಮೆ ಪೂರ್ತಿ ನಡೆಯುತ್ತದೆ. ಬಕ್ರೀದ್ ಹತ್ತಿರ ಬಂತೆಂದು ಟಗರಿಗೆ ಮೆಕ್ಕೆಜೋಳ ಸುರಿದರೆ ಹೊಟ್ಟೆ ಹುಳಿಯಾಗುತ್ತದೆ. ಹುಳಿ ಅಳೆಯುವ ಪಿಎಚ್ (ಇಳಿದಷ್ಟೂ ಹುಳಿ ಜಾಸ್ತಿ) 6ಕ್ಕಿಂತ ಇಳಿದರೆ ಕೊಬ್ಬು ಒಡೆಯುವುದೇ ನಿಧಾನವಾಗುತ್ತದೆ, ಹೈಡ್ರೋಜನ್ ಸೇರಿಸುವ ಕೆಲಸವೂ ಅರ್ಧಕ್ಕೇ ನಿಲ್ಲುತ್ತದೆ.

ಇನ್ನು ಹಿಂಡಿ. ನಮ್ಮ ಕಲಬುರಗಿ ಕಡೆ ಹಿಂಡಿ ಎಷ್ಟು ಕೊಟ್ಟರೆ ಅಷ್ಟು ಮೈ ತುಂಬುತ್ತದೆ ಅನ್ನುವವರು ಬಹಳ. ಆದರೆ ಗಾಣದ ಹಿಂಡಿಯಲ್ಲಿ ಎಣ್ಣೆ ಇನ್ನೂ ಸಾಕಷ್ಟು ಉಳಿದಿರುತ್ತದೆ, ಕಾರ್ಖಾನೆಯಲ್ಲಿ ದ್ರಾವಕ ಹಾಕಿ ಎಣ್ಣೆ ತೆಗೆದ ಸಾಲ್ವೆಂಟ್ ಹಿಂಡಿಯಲ್ಲಿ ಶೇ 1ರ ಆಸುಪಾಸು ಅಷ್ಟೇ. ದಿನದ ಒಟ್ಟು ಮೇವಿನ ನೀರಿನಂಶ ಬಿಟ್ಟ ತೂಕದ ಲೆಕ್ಕದಲ್ಲಿ ಕೊಬ್ಬು ಶೇ 6–7 ದಾಟಿತೆಂದರೆ ಬ್ಯಾಕ್ಟೀರಿಯಾ ಸೋಲುತ್ತವೆ, ಕಣಿಕಿಯ ನಾರು ಸರಿಯಾಗಿ ಕರಗುವುದಿಲ್ಲ, ಕುರಿ ಮೇವನ್ನೇ ಬಿಡಲು ಶುರು ಮಾಡುತ್ತದೆ. ದುಡ್ಡು ಕೊಟ್ಟು ತಂದ ಹಿಂಡಿಯೇ ಪುಕ್ಕಟೆ ಸಿಕ್ಕ ಕಣಿಕಿಯನ್ನು ದಂಡ ಮಾಡಿದಂತೆ. ಅದೇ ಎಣ್ಣೆ ಇಡೀ ಬೀಜದ ರೂಪದಲ್ಲಿ ಹೋದರೆ ನಿಧಾನಕ್ಕೆ ಹೊರಬರುತ್ತದೆ, ಪೆಟ್ಟು ಕಡಿಮೆ.

ಮಳೆ ಬಿದ್ದ ಮೇಲೆ ಹಸಿ ಹುಲ್ಲು ಮೇಯುವಾಗ ಬೇರೆಯೇ ಕಥೆ. ಎಳೆ ಎಲೆಯ ಕೊಬ್ಬಿನಲ್ಲಿ ಅರ್ಧಕ್ಕಿಂತ ಜಾಸ್ತಿ ಲಿನೋಲೆನಿಕ್ ಆಮ್ಲ, ಲಿನೋಲಿಕ್‌ನಂಥದೇ ಇನ್ನೊಂದು ತೆಳು ಕೊಬ್ಬಿನಾಮ್ಲ. ಅದರಲ್ಲಿ ಸ್ವಲ್ಪ ಪಾಲು ಪೂರ್ತಿ ಗಟ್ಟಿಯಾಗುವ ಮೊದಲೇ, ವ್ಯಾಕ್ಸೆನಿಕ್ ಆಮ್ಲ ಅನ್ನುವ ನಡು ಹಂತದಲ್ಲೇ ಕರುಳಿಗೆ ಜಾರುತ್ತದೆ. ಅದನ್ನು ಕುರಿಯ ಮೈ ಮತ್ತೆ ಮೆತ್ತಗಿನ ಕೊಬ್ಬಿನಾಮ್ಲವಾಗಿ ಬದಲಿಸಿ ಮಾಂಸದಲ್ಲಿ, ಹಾಲಿನಲ್ಲಿ ಇಡುತ್ತದೆ.