ಅಳಿವೆಯ ಪಂಕ್ತಿಯಲ್ಲಿ ಮರಿಮೀನುಗಳು

ಸುವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಕೋಡಿ ಬೆಂಗ್ರೆಯ ಅಳಿವೆಯಲ್ಲಿ, ಇಳಿತದ ಹೊತ್ತಿಗೆ ಮೊಣಕಾಲುದ್ದದ ನೀರಿನಲ್ಲಿ ಅಲುಗಾಡದೆ ನಿಂತರೆ, ನಮ್ಮ ನೆರಳಿಗೆ ಬೆದರಿ ಚದುರುವ ಬೆರಳುದ್ದದ ಮೀನುಗಳ ಹಿಂಡು ಸ್ವಲ್ಪ ಹೊತ್ತಿನಲ್ಲೇ ಮತ್ತೆ ಒಂದುಗೂಡುತ್ತದೆ. ದಡದಿಂದ ಎಲ್ಲವೂ ಒಂದೇ ಬಗೆಯವೆಂದು ತೋರಿದರೂ ಇಂತಹ ಅಳಿವೆಗಳಲ್ಲಿ ಕಾಣೆ, ಕೆಂಬೇರಿ, ಕೊಂಕಣಿಗರು ಶೇವ್ಟೆ ಎನ್ನುವ ಮಲ್ಲೆಟ್ ಮುಂತಾದ ಹಲವು ಜಾತಿಗಳ ಮರಿಗಳು ಒಟ್ಟಿಗೆ ಬೆಳೆಯುತ್ತವೆ. ದೊಡ್ಡ ಮೀನುಗಳು ಸುಲಭವಾಗಿ ನುಗ್ಗಲಾರದ ಈ ಆಳವಿಲ್ಲದ ಕಲಕು ನೀರಿನಲ್ಲಿ ಅವುಗಳಿಗೆ ರಕ್ಷಣೆಯೇನೋ ದೊರೆಯುತ್ತದೆ. ಆದರೆ ಇಷ್ಟು ಬಾಯಿಗಳಿಗೆ ಊಟ ಹೇಗೆ ಸಾಲುತ್ತದೆ?

ಮೊಟ್ಟೆಯೊಡೆದು ಬಂದ ಮರಿಗೆ ಮೊದಲ ಕೆಲವು ದಿನ ಹೊಟ್ಟೆಗೆ ಅಂಟಿಕೊಂಡ ಹಳದಿ ಚೀಲವೇ ಬುತ್ತಿ. ಅದು ಮುಗಿದ ಮೇಲೆ ಬೇಗನೆ ಆಹಾರ ಸಿಗದಿದ್ದರೆ ಮರಿ ಉಳಿಯುವುದಿಲ್ಲ. ಒಂದು ವರ್ಷದ ಮೀನಿನ ಸಂತತಿ ದೊಡ್ಡದಾಗುವುದೋ ಸಣ್ಣದಾಗುವುದೋ ಎಂಬುದು ಬಹುಮಟ್ಟಿಗೆ ಈ ಘಟ್ಟದಲ್ಲೇ ತೀರ್ಮಾನವಾಗುತ್ತದೆಂದು ನಾರ್ವೆಯ ವಿಜ್ಞಾನಿ ಯೋಹಾನ್ ಯೋರ್ಟ್ 1914ರಲ್ಲಿ ವಾದಿಸಿದರು. ಆಗ ಮರಿಯ ಬಾಯಿ ಎಷ್ಟು ಕಿರಿದೆಂದರೆ, ಮುಂದೆ ಅದು ಹುಳು ಹೆಕ್ಕುವ ಮೀನಾಗಲಿ, ಬೇಟೆಗಾರ ಮೀನಾಗಲಿ, ಸದ್ಯಕ್ಕೆ ನುಂಗಬಲ್ಲುದು ಕೋಪೆಪಾಡ್ ಎಂಬ, ಸಿಗಡಿ-ಏಡಿಗಳ ಬಳಗದ ಸೂಕ್ಷ್ಮ ಕಠಿಣಚರ್ಮಿಗಳನ್ನು ಮತ್ತು ಅವುಗಳ ಮರಿಗಳನ್ನು. ಹೀಗಾಗಿ ಜಾತಿಜಾತಿಗಳ ಊಟ ಅತಿ ಹೆಚ್ಚು ಹೋಲುವುದು ಅವು ತೀರಾ ಸಣ್ಣವಾಗಿರುವಾಗಲೇ.

ದಾರಿಗಳು ಕವಲೊಡೆಯುವುದು ಆಮೇಲೆ. ಮಲ್ಲೆಟ್ ಮರಿ ಸುಮಾರು 3 ಸೆಂ.ಮೀ. ಉದ್ದವಾಗುವವರೆಗೆ ಪ್ರಾಣಿಪ್ಲವಕವನ್ನು, ಅಂದರೆ ನೀರಿನಲ್ಲಿ ತೇಲುವ ಇಂತಹ ಪುಟ್ಟ ಪ್ರಾಣಿಗಳನ್ನು, ಹಿಡಿದು ತಿನ್ನುತ್ತದೆ. ಬಳಿಕ ತಲೆ ತಗ್ಗಿಸಿ ತಳದ ಕೆಸರಿನ ಮೇಲ್ಪದರದಲ್ಲಿರುವ ಡಯಾಟಮ್ ಪಾಚಿಯನ್ನೂ ಕೊಳೆತ ಎಲೆಗಳ ಪುಡಿಯನ್ನೂ ಮರಳಿನ ಸಮೇತ ಬಾಚಿಕೊಳ್ಳತೊಡಗುತ್ತದೆ. ದೊಡ್ಡ ಮಲ್ಲೆಟ್ಟನ್ನು ಸಾರಿಗೆಂದು ಸೀಳಿದವರಿಗೆ ಅದರ ಹೊಟ್ಟೆಯೊಳಗಿನ, ಕೋಳಿಯ ಕಲ್ಲುಗುಂಡಿಗೆಯಂತಹ ಗಟ್ಟಿ ಉಂಡೆ ಗೊತ್ತಿರುತ್ತದೆ. ನುಂಗಿದ ಮರಳೇ ಅಲ್ಲಿ ಬೀಸುಕಲ್ಲಾಗಿ ಪಾಚಿಯನ್ನು ಅರೆಯುತ್ತದೆ. ಕಾಣೆ ಮೀನಾದರೋ ಅದೇ ಮರಳಿನಲ್ಲಿ ಮೂತಿಯನ್ನು ಮುಂದಕ್ಕೆ ಚಾಚಿ ಹುಳುಗಳನ್ನೂ ಪುಟ್ಟ ಸಿಗಡಿಗಳನ್ನೂ ಹೆಕ್ಕುತ್ತದೆ. ಒಂದೇ ನೆಲ, ಎರಡು ಊಟ.

ತೆರೆದ ಕಡಲಿನ ಬಂಗುಡೆಯಲ್ಲಿ ಈ ಬದಲಾವಣೆ ಕರುಳಿನಲ್ಲೇ ಕಾಣಸಿಗುತ್ತದೆ. ಮರಿ ಬಂಗುಡೆ ಡಯಾಟಮ್‌ಗಳನ್ನೂ ಸಣ್ಣ ಪ್ರಾಣಿಪ್ಲವಕವನ್ನೂ ತಿನ್ನುತ್ತದೆ. ಬೆಳೆದಂತೆ ಸಿಗಡಿಮರಿ, ಮೀನುಮರಿಗಳಂತಹ ದೊಡ್ಡ ತುತ್ತುಗಳತ್ತ ಹೊರಳುತ್ತದೆ. ಸಸ್ಯಾಹಾರ ಜೀರ್ಣಿಸಲು ಬೇಕಾಗಿದ್ದ ಉದ್ದ ಕರುಳು ಆಗ ದೇಹದ ಅಳತೆಗೆ ಹೋಲಿಸಿದರೆ ಗಿಡ್ಡವಾಗುತ್ತಾ ಬರುತ್ತದೆ. ಅದರ ನೆರೆಯ ಭೂತಾಯಿ ಮೀನಿನ ಪಯಣ ಹೆಚ್ಚುಕಡಿಮೆ ತಿರುಗುಮುರುಗು: ಕಿವಿರಿನ ಬಾಚಣಿಗೆಯಂತಹ ಎಳೆಗಳು ವಯಸ್ಸಿನೊಂದಿಗೆ ದಟ್ಟವಾದ ಹಾಗೆ, ಅದು ನೀರನ್ನು ಸೋಸಿ ಡಯಾಟಮ್‌ಗಳನ್ನೇ ಮುಖ್ಯವಾಗಿ ಉಣ್ಣುವ ಮೀನಾಗುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಎರಡು ಜಾತಿಗಳ ಹೊಟ್ಟೆಯಲ್ಲಿ ಒಂದೇ ಆಹಾರ ಸಿಕ್ಕಿತೆಂದ ಮಾತ್ರಕ್ಕೆ ಅವುಗಳ ನಡುವೆ ಸ್ಪರ್ಧೆಯಿದೆ ಎನ್ನುವಂತಿಲ್ಲ. ಸಂಶೋಧಕರು ಜಠರದಲ್ಲಿರುವುದನ್ನು ಸೂಕ್ಷ್ಮದರ್ಶಕದಡಿ ಎಣಿಸಿ, ಆಹಾರದ ಹೋಲಿಕೆಯನ್ನು 0ಯಿಂದ 1ರವರೆಗಿನ ಸೂಚ್ಯಂಕದಲ್ಲಿ ಅಳೆಯುತ್ತಾರೆ, ಅದು 0.6 ದಾಟಿದರೆ ಹೋಲಿಕೆ ಗಣನೀಯವೆಂದು ಪರಿಗಣಿಸುವುದು ವಾಡಿಕೆ. ಆದರೆ ಮುಂಗಾರಿನ ಗಾಳಿಯ ಸೆಳೆತಕ್ಕೆ ಮೇಲ್ನೀರು ದಡದಿಂದಾಚೆ ಸರಿದು, ಪೋಷಕಾಂಶ ತುಂಬಿದ ತಣ್ಣೀರು ಆಳದಿಂದ ಮೇಲೇರಿ, ಪ್ಲವಕ ಉಕ್ಕುವ ತಿಂಗಳುಗಳಲ್ಲಿ ಎಲ್ಲರೂ ಅದನ್ನೇ ತಿಂದರೂ ಯಾರ ಪಾಲೂ ಕಡಿಮೆಯಾಗದಿರಬಹುದು. ಅದಕ್ಕೆ ಪ್ರತಿಯಾಗಿ, ಇಬ್ಬರ ಊಟ ಪೂರ್ತಿ ಬೇರೆಯಾಗಿದ್ದರೆ, ಒಂದು ಕಾಲದ ತೀವ್ರ ಪೈಪೋಟಿಯೇ ಅವರನ್ನು ಬೇರ್ಪಡಿಸಿರಲೂಬಹುದು. ಹೊಟ್ಟೆ ಸೀಳಿ ನೋಡುವ ಅಧ್ಯಯನಗಳನ್ನು ಓದುವಾಗ ಈ ಎಚ್ಚರ ಅಗತ್ಯವೆಂದು ನನಗನ್ನಿಸುತ್ತದೆ.

ಆಹಾರ ನಿಜವಾಗಿಯೂ ಕೊರತೆಯಾದಾಗ ಮರಿಗಳೆಲ್ಲ ಹಸಿವಿನಿಂದಲೇ ಸಾಯಬೇಕೆಂದಿಲ್ಲ. ಬೆಳವಣಿಗೆ ನಿಧಾನವಾಗುತ್ತದೆ, ಸಣ್ಣದಾಗಿಯೇ ಹೆಚ್ಚು ದಿನ ಉಳಿದ ಮರಿ ಹೆಚ್ಚು ಬಾಯಿಗಳಿಗೆ ಸುಲಭದ ತುತ್ತಾಗುತ್ತದೆ. ಅದಕ್ಕೆ ಅತಿ ಹತ್ತಿರದ ಪ್ರತಿಸ್ಪರ್ಧಿ ಹಲವು ವೇಳೆ ಪರಜಾತಿಯ ಮೀನಲ್ಲ, ಅದೇ ಬಾಯಿ, ಅದೇ ರುಚಿ, ಅದೇ ಜಾಗದ ಸ್ವಂತ ಜಾತಿಯ ಮೀನು. ಬೆನ್ನಿನ ಮೇಲೆ ಬಿಲ್ಲಿನಂತೆ ಬಾಗಿದ ಕಪ್ಪು ಪಟ್ಟೆಗಳಿರುವ ಟೆರಪಾನ್ ಜಾರ್ಬುವಾ ಎಂಬ ಮೀನಿನ ಮರಿ ದಡದ ಮರಳಿನಲ್ಲಿ ಸಣ್ಣ ಗುಳಿ ಮಾಡಿಕೊಂಡು, ಹತ್ತಿರ ಸುಳಿಯುವ ತನ್ನವರನ್ನೇ ಅಟ್ಟುತ್ತದೆ.

ಇದೇ ಟೆರಪಾನ್‌ಗೆ ಇನ್ನೊಂದು ವಿಲಕ್ಷಣ ಊಟವೂ ಉಂಟು. ದಕ್ಷಿಣ ಆಫ್ರಿಕಾದ ಸೇಂಟ್ ಲೂಸಿಯಾ ಅಳಿವೆಯಲ್ಲಿ ಹಿಡಿದ ಟೆರಪಾನ್‌ಗಳ ಹೊಟ್ಟೆಯಲ್ಲಿ ಬೇರೆ ಮೀನುಗಳ ಹುರುಪೆಗಳು ದೊರೆತಿವೆ. ಪಕ್ಕದಲ್ಲಿ ಹಾಯುವ ಮೀನಿನ ಮೇಲೆ ಸರಕ್ಕನೆ ಎರಗಿ, ಹುರುಪೆ ಕಿತ್ತು, ಅದು ತಿರುಗುವಷ್ಟರಲ್ಲಿ ಹಿಂದೆ ಸರಿಯುವುದು ಇದರ ವರಸೆ. ಹುರುಪೆಯ ಮೇಲಿನ ಚರ್ಮ ಮತ್ತು ಲೋಳೆಯಲ್ಲಿ ಪ್ರೋಟೀನ್ ಇರುತ್ತದೆ, ಕಿತ್ತ ಜಾಗದಲ್ಲಿ ಹೊಸ ಹುರುಪೆ ಬೆಳೆಯುತ್ತದೆ. ಉಳಿದವರು ಹುಳು, ಪಾಚಿ, ಪ್ಲವಕಗಳಿಗಾಗಿ ಮುಗಿಬೀಳುತ್ತಿರುವಾಗ, ಈ ಮರಿಗೆ ಆ ಪಂಕ್ತಿಯಲ್ಲಿ ಕುಳಿತ ಉಣ್ಣುವವರೇ ಎಲೆಯ ಮೇಲಿನ ಊಟ.