ಯುದ್ಧಕ್ಕೆ ಹೋಗಿದ್ದು ಒಂದು ಸಲ, ಹೇಳಿದ್ದು ನೂರು ಸಲ

ಲಿಂಡನ್ ಜಾನ್ಸನ್ ಅಮೆರಿಕದ ಅಧ್ಯಕ್ಷರಾಗಿದ್ದಾಗಿನ ಫೋಟೊಗಳನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಕೋಟಿನ ಕಾಲರ್ ಮೇಲೆ ಒಂದು ಪುಟ್ಟ ಪಿನ್ ಕಾಣುತ್ತದೆ. ಅದು ಸಿಲ್ವರ್ ಸ್ಟಾರ್ ಪದಕದ ಗುರುತು. ಯುದ್ಧದಲ್ಲಿ ಶೌರ್ಯ ತೋರಿದವರಿಗೆ ಅಮೆರಿಕ ಕೊಡುವ ಪದಕಗಳಲ್ಲಿ ಇದಕ್ಕೆ ಮೂರನೇ ಸ್ಥಾನ. ಜಾನ್ಸನ್‌ಗೆ ಅದು ಸಿಕ್ಕಿದ್ದು ಒಂದೇ ಒಂದು ಸಲ ಬಾಂಬರ್ ವಿಮಾನದಲ್ಲಿ ಕೂತು ಬಂದಿದ್ದಕ್ಕೆ. ಅದೂ ನೋಡುಗನಾಗಿ.

1942ರ ಜೂನ್ 9ರ ಕಥೆ ಇದು. ಜಾನ್ಸನ್ ಆಗ ಟೆಕ್ಸಾಸ್‌ನ ಸಂಸದ, ಜೊತೆಗೆ ನೌಕಾಪಡೆಯ ಮೀಸಲು ಅಧಿಕಾರಿ. ಪೆಸಿಫಿಕ್ ಕಡೆ ಪರಿಸ್ಥಿತಿ ಹೇಗಿದೆ ನೋಡಿ ಬನ್ನಿ ಅಂತ ಅಧ್ಯಕ್ಷ ರೂಸ್‌ವೆಲ್ಟ್ ಕಳಿಸಿದ್ದರು. ನ್ಯೂಗಿನಿಯ ಲೇ ಎಂಬಲ್ಲಿದ್ದ ಜಪಾನಿ ನೆಲೆಯ ಮೇಲೆ ಬಾಂಬ್ ಹಾಕಲು ಹೊರಟಿದ್ದ ಬಿ-26 ವಿಮಾನವೊಂದನ್ನು ಹತ್ತಿದರು, ಯಾತಕ್ಕೋ ಇಳಿದು ಬರುವಷ್ಟರಲ್ಲಿ ಅವರ ಜಾಗದಲ್ಲಿ ಇನ್ನೊಬ್ಬ ಅಧಿಕಾರಿ ಕೂತಾಗಿತ್ತು, ಸರಿ ಅಂತ ಬೇರೆ ವಿಮಾನ ಹತ್ತಿದರು. ಮೊದಲಿನ ವಿಮಾನವನ್ನು ಜಪಾನಿಗಳು ಹೊಡೆದುರುಳಿಸಿದರು. ಅದರಲ್ಲಿದ್ದವರು ಒಬ್ಬರೂ ಉಳಿಯಲಿಲ್ಲ. ಜಾನ್ಸನ್ ಇದ್ದ ವಿಮಾನ ಜನರೇಟರ್ ಕೆಟ್ಟು, ಗುರಿ ಮುಟ್ಟುವ ಮೊದಲೇ ವಾಪಸ್ ತಿರುಗಿತು. ತಿರುಗುವಾಗ ಅದರ ಮೇಲೂ ಗುಂಡು ಬಿತ್ತೇ ಇಲ್ಲವೇ ಅಂತ ಇತಿಹಾಸಕಾರರು ಇವತ್ತಿಗೂ ಜಗಳಾಡುತ್ತಾರೆ. ಜಗಳ ಇಲ್ಲದ ವಿಷಯ ಇಷ್ಟು: ಜನರಲ್ ಮ್ಯಾಕಾರ್ಥರ್ ಕಡೆಯಿಂದ ಜಾನ್ಸನ್‌ಗೆ ಪದಕ ಬಂತು, ವಿಮಾನ ಓಡಿಸಿದವರಿಗೂ ಗನ್ ಹಿಡಿದವರಿಗೂ ಆ ಹಾರಾಟಕ್ಕೆ ಆ ಪದಕ ಬರಲಿಲ್ಲ. ಇದಕ್ಕೆ ನಾನು ಅರ್ಹನಲ್ಲ ಅಂತ ಜಾನ್ಸನ್ ಒಂದು ಪತ್ರ ಸಿದ್ಧ ಮಾಡಿಸಿದ್ದರು. ಅದು ಹೋಗಲೇ ಇಲ್ಲ. ಪಿನ್ ಮಾತ್ರ ಕೋಟಿಗೆ ಏರಿತು.

ಉತ್ತರನ ಪೌರುಷ ಒಲೆ ಮುಂದೆ ಅಂತಾರಲ್ಲ, ಯುದ್ಧದ ಅನುಭವವನ್ನು ಉಬ್ಬಿಸಿ ಹೇಳಿಕೊಳ್ಳುವ ಇಂಥ ರಾಜಕಾರಣಿಗಳನ್ನು ಕಂಡಾಗ ಮೊದಲು ನೆನಪಾಗುವುದು ಅದೇ ಮಾತು. ಆದರೆ ಒಬ್ಬೊಬ್ಬರ ಕಥೆಯನ್ನೂ ಬಿಡಿಸಿ ನೋಡಿದರೆ ಗಾದೆ ಪೂರ್ತಿ ಹೊಂದುವುದಿಲ್ಲ. ಇವರಲ್ಲಿ ಹೆಚ್ಚಿನವರು ನಿಜವಾಗಿಯೂ ಯೂನಿಫಾರ್ಮ್ ಹಾಕಿದವರು. ಮಾಡಿದ ಕೆಲಸ ಇದೆ, ಅದಕ್ಕೆ ದಾಖಲೆಯೂ ಇದೆ. ಆದರೆ ಆ ಕೆಲಸ ಮೇಜಿನ ಮುಂದಿನದು, ಸರಕು ತುಂಬುವುದು, ಮೀಸಲು ಪಡೆಯ ವಾರಾಂತ್ಯದ ಡ್ಯೂಟಿ. ಪ್ರಚಾರಸಭೆಯಲ್ಲಿ ಚಪ್ಪಾಳೆ ಬೀಳುವಂಥದ್ದಲ್ಲ. ಹಾಗಾಗಿ ಉಳಿದ ದಾರಿಯನ್ನು ಬಾಯಲ್ಲೇ ನಡೆದುಬಿಡುತ್ತಾರೆ.

ಜೋಸೆಫ್ ಮೆಕಾರ್ಥಿಯನ್ನೇ ನೋಡಿ. 1950ರ ದಶಕದಲ್ಲಿ ಕಂಡಕಂಡವರಿಗೆಲ್ಲ ಕಮ್ಯುನಿಸ್ಟ್ ಹಣೆಪಟ್ಟಿ ಕಟ್ಟಿದ ಸೆನೆಟರ್ ಈತ. ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿದಾಗ ವಿಸ್ಕಾನ್ಸಿನ್‌ನಲ್ಲಿ ಜಡ್ಜ್ ಆಗಿದ್ದರು, ಕಡ್ಡಾಯ ಸೇವೆಯಿಂದ ವಿನಾಯಿತಿ ಇತ್ತು. ಆದರೂ ತಾವಾಗಿ ಮರೀನ್ ಪಡೆ ಸೇರಿದರು. ಇದನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ. ಸಾಲೊಮನ್ ದ್ವೀಪಗಳಲ್ಲಿ ಅವರದ್ದು ಗುಪ್ತಚರ ಅಧಿಕಾರಿಯ ಕೆಲಸ, ಅಂದರೆ ಬಾಂಬ್ ಹಾಕಿ ವಾಪಸ್ ಬಂದ ಪೈಲಟ್‌ಗಳನ್ನು ಕೂರಿಸಿಕೊಂಡು ಏನು ಕಂಡಿರಿ ಅಂತ ಕೇಳಿ ಬರೆದುಕೊಳ್ಳುವುದು. ಹನ್ನೆರಡು ಸಲದಷ್ಟು ವಿಮಾನದ ಹಿಂದಿನ ಸೀಟಿನಲ್ಲೂ ಕೂತು ಹೋಗಿಬಂದರು. ಅಲ್ಲಿ ಅವರ ಗನ್ನಿಗೆ ಬಲಿಯಾದದ್ದು ಜಾಸ್ತಿ ತೆಂಗಿನ ಮರಗಳೇ ಅಂತ ಜೊತೆಗಿದ್ದವರು ತಮಾಷೆ ಮಾಡುತ್ತಿದ್ದರು. 1946ರ ಚುನಾವಣೆ ಬರುವಷ್ಟರಲ್ಲಿ ಅವರು ‘ಟೈಲ್ ಗನ್ನರ್ ಜೋ’, ಅಂದರೆ ವಿಮಾನದ ಬಾಲದಲ್ಲಿ ಕೂತು ಗನ್ ಹಾರಿಸುವ ಜೋ ಆಗಿದ್ದರು. ಹನ್ನೆರಡು ಹಾರಾಟ ಬರಬರುತ್ತಾ 32 ಆಯಿತು. ಆ ಲೆಕ್ಕದ ಮೇಲೆಯೇ 1952ರಲ್ಲಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕವೂ ಬಂತು. ಇನ್ನು ಕಾಲಿನ ಗಾಯ. ಅದು ಯುದ್ಧದ ಗಾಯ ಅಂತ ಹೇಳಿಕೊಂಡು ಓಡಾಡಿದರು. ಆದದ್ದು ಏನಪ್ಪಾ ಅಂದರೆ, ಹಡಗು ಭೂಮಧ್ಯರೇಖೆ ದಾಟುವಾಗ ಹೊಸಬರನ್ನು ಗೋಳು ಹೊಯ್ದುಕೊಳ್ಳುವ ಒಂದು ಹಳೇ ಪದ್ಧತಿ ನಾವಿಕರಲ್ಲಿದೆ, ಆ ಮೋಜಿನಲ್ಲಿ ಕಾಲಿಗೆ ಬಕೆಟ್ ಕಟ್ಟಿಸಿಕೊಂಡು ಏಣಿ ಇಳಿಯಲು ಹೋಗಿ ಜಾರಿ ಬಿದ್ದಿದ್ದರು.

ಇದಕ್ಕೆ ಪೂರ್ತಿ ಉಲ್ಟಾ ಒಬ್ಬರಿದ್ದರು, ನೂರು ವರ್ಷ ಮೊದಲು. 1848ರಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಲೂಯಿಸ್ ಕ್ಯಾಸ್ ಅವರನ್ನು ಬೆಂಬಲಿಗರು ಮಹಾ ಯೋಧ ಅಂತ ಹೊಗಳುತ್ತಿದ್ದಾಗ, ಇಲಿನಾಯ್‌ನ ಸಂಸದರೊಬ್ಬರು ಸದನದಲ್ಲಿ ಎದ್ದು ನಿಂತು ನಾನೂ ಯುದ್ಧವೀರನೇ ಗೊತ್ತಾ ಅಂದರು. ನನ್ನ ಕತ್ತಿ ಮುರಿಯಲಿಲ್ಲ, ಯಾಕೆಂದರೆ ಕತ್ತಿಯೇ ಇರಲಿಲ್ಲ. ಕಾಡು ಈರುಳ್ಳಿ ಮೇಲೆ ಜೋರಾಗಿ ದಾಳಿ ಮಾಡಿದ್ದೇನೆ. ಶತ್ರುಗಳು ಒಬ್ಬರೂ ಕಾಣಲಿಲ್ಲ, ಸೊಳ್ಳೆಗಳ ಜೊತೆ ಮಾತ್ರ ರಕ್ತಪಾತದ ಹೋರಾಟ ಬಹಳ ಆಯಿತು. ಹೀಗೆ ಸಾಗಿತ್ತು ಭಾಷಣ. 1832ರ ಬ್ಲ್ಯಾಕ್ ಹಾಕ್ ಯುದ್ಧದಲ್ಲಿ ಸುಮಾರು ಮೂರು ತಿಂಗಳು ಸ್ವಯಂಸೇವಕರಾಗಿದ್ದ ಆ ಸಂಸದರ ಹೆಸರು ಅಬ್ರಹಾಂ ಲಿಂಕನ್. ಇಂಥ ಧೈರ್ಯ ಆಮೇಲೆ ಜಾಸ್ತಿ ಜನಕ್ಕೆ ಬರಲಿಲ್ಲ ಬಿಡಿ.

ವಿಯೆಟ್ನಾಂ ಯುದ್ಧ ಬಂದ ಮೇಲೆ ಈ ರೋಗದ ಲಕ್ಷಣ ಬದಲಾಯಿತು. ಕಾಲೇಜು, ಕೆಲಸ ಅಂತ ಕಾರಣ ಕೊಟ್ಟು ಕಡ್ಡಾಯ ಸೇವೆ ಮುಂದೂಡಿಸಿಕೊಳ್ಳಬಹುದಿತ್ತು. ಮೀಸಲು ಪಡೆ ಸೇರಿದರೆ ಊರಲ್ಲೇ ಉಳಿಯುವ ಅವಕಾಶ ಜಾಸ್ತಿ. ಆಗ ಅದು ಜಾಣತನ ಅನಿಸಿತ್ತು, ಯುದ್ಧಕ್ಕೆ ಹೋಗಿ ಬಂದವರನ್ನೇ ಯಾರೂ ಮಾತಾಡಿಸುತ್ತಿರಲಿಲ್ಲ. ಕಡ್ಡಾಯ ಸೇವೆ 1973ರಲ್ಲಿ ನಿಂತಿತು, 1982ರಲ್ಲಿ ವಾಷಿಂಗ್ಟನ್‌ನಲ್ಲಿ ಸ್ಮಾರಕ ಎದ್ದಿತು, ವಿಯೆಟ್ನಾಂ ಸೈನಿಕರಿಗೆ ತಡವಾಗಿ ಗೌರವ ಬಂತು. ಅಷ್ಟೊತ್ತಿಗೆ ಆ ತಲೆಮಾರು ಚುನಾವಣೆಗೆ ನಿಲ್ಲತೊಡಗಿತ್ತು. ಹೋಗದೇ ಉಳಿದವರಿಗೆ ಈಗ ಹೋಗಿದ್ದರೆ ಚೆನ್ನಾಗಿತ್ತು ಅನಿಸಿತು.

ಅಯೋವಾದ ಸೆನೆಟರ್ ಆಗಿದ್ದ ಟಾಮ್ ಹಾರ್ಕಿನ್ ನಿಜವಾದ ನೌಕಾಪಡೆ ಪೈಲಟ್. ಆದರೆ ವಿಯೆಟ್ನಾಂನಲ್ಲಿ ಯುದ್ಧವಿಮಾನ ಹಾರಿಸಿದ್ದೆ ಅಂದುಬಿಟ್ಟರು. ಅವರು ಇದ್ದದ್ದು ಜಪಾನಿನಲ್ಲಿ, ರಿಪೇರಿಯ ವಿಮಾನಗಳನ್ನು ಸಾಗಿಸುವ ಕೆಲಸದಲ್ಲಿ. ಕನೆಕ್ಟಿಕಟ್‌ನ ರಿಚರ್ಡ್ ಬ್ಲೂಮೆಂಥಾಲ್ ಐದು ಸಲ ಸೇವೆ ಮುಂದೂಡಿಸಿಕೊಂಡು 1970ರಲ್ಲಿ ಮರೀನ್ ಮೀಸಲು ಪಡೆ ಸೇರಿದವರು. ಬಡ ಮಕ್ಕಳಿಗೆ ಆಟಿಕೆ ಸಂಗ್ರಹಿಸುವುದೂ ಅವರ ತುಕಡಿಯ ಕೆಲಸವಾಗಿತ್ತು. 2008ರ ಒಂದು ಸಭೆಯಲ್ಲಿ ‘ನಾನು ವಿಯೆಟ್ನಾಂನಲ್ಲಿ ಸೇವೆ ಮಾಡಿದ ದಿನಗಳು’ ಅಂದರು. ಬೇರೆ ಸಭೆಗಳಲ್ಲಿ ‘ವಿಯೆಟ್ನಾಂ ಕಾಲದಲ್ಲಿ’ ಅಂತ ಸರಿಯಾಗಿಯೇ ಹೇಳಿದ್ದರು ಎನ್ನುವುದೂ ನಿಜ. 2010ರಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ಬಯಲಿಗೆಳೆಯಿತು. ಮಾತು ತಪ್ಪಿತು ಅಂದರು, ಅದೇ ವರ್ಷ ಸೆನೆಟ್‌ಗೆ ಗೆದ್ದರು. ಅದೇ ವರ್ಷ ಇಲಿನಾಯ್‌ನ ಮಾರ್ಕ್ ಕರ್ಕ್ ತುಕಡಿಗೆ ಬಂದ ಪ್ರಶಸ್ತಿಯನ್ನು ತನಗೇ ಬಂದದ್ದು ಅಂತ ಹೇಳಿಕೊಂಡು ಸಿಕ್ಕಿಬಿದ್ದರು. ಅವರೂ ಗೆದ್ದರು.

ಹಾಗಾದರೆ ಶಿಕ್ಷೆ ಯಾರಿಗೆ? ಆರೆಗನ್‌ನ ಸಂಸದ ವೆಸ್ ಕೂಲಿಗೆ ಆಯಿತು. 1994ರಲ್ಲಿ ಕೊರಿಯಾದಲ್ಲಿ ವಿಶೇಷ ಪಡೆಯಲ್ಲಿದ್ದೆ ಅಂತ ಹೇಳಿಕೊಂಡರು, ಕೊರಿಯಾಕ್ಕೆ ಹೋಗಿಯೇ ಇರಲಿಲ್ಲ. ಭಾಷಣದಲ್ಲಿ ಹೇಳಿದ್ದರೆ ಬಹುಶಃ ಬಚಾವಾಗುತ್ತಿದ್ದರು. ಆದರೆ ಬರೆದಿದ್ದು ರಾಜ್ಯ ಸರ್ಕಾರವೇ ಅಚ್ಚು ಹಾಕಿ ಮತದಾರರಿಗೆ ಕಳಿಸುವ ಕೈಪಿಡಿಯಲ್ಲಿ. ಅದರಲ್ಲಿ ಸುಳ್ಳು ಬರೆಯುವುದು ಅಲ್ಲಿ ಅಪರಾಧ. 1997ರಲ್ಲಿ ತಪ್ಪಿತಸ್ಥ ಅಂತ ತೀರ್ಪಾಯಿತು. (ನಮ್ಮ ಅಫಿಡವಿಟ್‌ನಲ್ಲಿ ಕೇಸು, ಆಸ್ತಿ, ಓದು ಕೇಳುತ್ತಾರೆ. ಹಾಗಾಗಿ ನಮ್ಮವರ ಜಗಳವೆಲ್ಲ ಡಿಗ್ರಿ ಸರ್ಟಿಫಿಕೇಟ್ ಸುತ್ತ.)

ಸೇನೆ ಬಿಡುವಾಗ ಅಮೆರಿಕದ ಪ್ರತಿ ಸೈನಿಕನಿಗೂ ಡಿಡಿ-214 ಅಂತ ಒಂದು ಕಾಗದ ಕೊಡುತ್ತಾರೆ. ಎಲ್ಲಿದ್ದ, ಏನು ಮಾಡಿದ, ಯಾವ ಪದಕ, ಎಲ್ಲ ಅದರಲ್ಲಿರುತ್ತದೆ. ಹಳೆಯ ಕಡತಗಳು ಸೇಂಟ್ ಲೂಯಿಸ್‌ನ ಕಚೇರಿಯಲ್ಲಿದ್ದವು. 1973ರ ಜುಲೈನಲ್ಲಿ ಅಲ್ಲಿ ಬೆಂಕಿ ಬಿದ್ದು 1.6ರಿಂದ 1.8 ಕೋಟಿ ಕಡತ ಸುಟ್ಟುಹೋದವು. 1960ಕ್ಕೆ ಮೊದಲು ಸೇನೆ ಬಿಟ್ಟವರ ಮಾತನ್ನು ತಾಳೆ ನೋಡುವುದು ಅಂದಿನಿಂದ ಕಷ್ಟವೇ.

ಕಾನೂನಿನ ಪ್ರಯತ್ನವೂ ನಡೆಯಿತು. ಪದಕದ ಬಗ್ಗೆ ಸುಳ್ಳು ಹೇಳಿದರೇ ಅಪರಾಧ ಅಂತ 2006ರಲ್ಲಿ ಕಾನೂನು ಬಂತು. ಮರುವರ್ಷ ಕ್ಯಾಲಿಫೋರ್ನಿಯಾದ ಒಂದು ನೀರು ಸರಬರಾಜು ಮಂಡಳಿಯ ಚುನಾಯಿತ ಸದಸ್ಯ ಕ್ಸೇವಿಯರ್ ಅಲ್ವಾರೆಜ್, ನಾನು 25 ವರ್ಷ ಮರೀನ್ ಆಗಿದ್ದೆ, ಎಲ್ಲಕ್ಕಿಂತ ದೊಡ್ಡ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಬಂದಿದೆ ಅಂತ ಸಭೆಯಲ್ಲಿ ಪರಿಚಯಿಸಿಕೊಂಡ. ಒಂದು ದಿನವೂ ಸೇನೆಯಲ್ಲಿದ್ದವನಲ್ಲ. ಪೂರ್ತಿ ಉತ್ತರಕುಮಾರ ಅಂದರೆ ಇವನೇ. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 2012ರಲ್ಲಿ ಕೋರ್ಟ್ ಕಾನೂನನ್ನೇ ಹೊಡೆದುಹಾಕಿತು: ಸುಮ್ನೆ ಸುಳ್ಳು ಹೇಳುವುದಕ್ಕೂ ಸಂವಿಧಾನದ ವಾಕ್ ಸ್ವಾತಂತ್ರ್ಯದ ರಕ್ಷಣೆ ಇದೆ. ದುಡ್ಡು ಅಥವಾ ಅಂಥ ಲಾಭ ಹೊಡೆಯಲು ಪದಕದ ಸುಳ್ಳು ಹೇಳಿದರೆ ಮಾತ್ರ ಅಪರಾಧ ಅಂತ 2013ರಲ್ಲಿ ಹೊಸ ಕಾನೂನು ಬಂತು.

ಹೀಗಾಗಿ ಈಗ ಉಳಿದಿರುವುದು ಪತ್ರಕರ್ತರು ಮತ್ತು ಎದುರಾಳಿಗಳು. ಎದುರಾಳಿಗಳನ್ನು ನಂಬುವುದೂ ಕಷ್ಟ. 2004ರಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿದ್ದ ಜಾನ್ ಕೆರಿಯ ನಿಜವಾದ ಪದಕಗಳ ಮೇಲೇ ಕೆಸರು ಎರಚಿದ್ದರು. 2022ರಲ್ಲಿ ಸಂಸದರಾಗಲು ನಿಂತಿದ್ದ ಓಹಾಯೊದ ಜೆ. ಆರ್. ಮಜೆವ್‌ಸ್ಕಿ ಅಫ್ಘಾನಿಸ್ತಾನದ ಯೋಧ ಅಂತ ಹೇಳಿಕೊಂಡಿದ್ದರು, ದಾಖಲೆಯಲ್ಲಿ ಸಿಕ್ಕಿದ್ದು ಕತಾರ್‌ನಲ್ಲಿ ವಿಮಾನಕ್ಕೆ ಸರಕು ತುಂಬಿದ ಆರು ತಿಂಗಳು. ಸೋತರು. 2024ರಲ್ಲಿ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಟಿಮ್ ವಾಲ್ಜ್ ಸರದಿ: ನ್ಯಾಷನಲ್ ಗಾರ್ಡ್ ಎಂಬ ಮೀಸಲು ಪಡೆಯಲ್ಲಿ 24 ವರ್ಷ ಇದ್ದವರು, ಯುದ್ಧ ಮಾಡಿದವರಲ್ಲ, ಆದರೆ ‘ಯುದ್ಧದಲ್ಲಿ ನಾನು ಹಿಡಿದ ಆಯುಧ’ ಅಂತ ಹಿಂದೊಮ್ಮೆ ಹೇಳಿದ ಮಾತು ವಿಡಿಯೊದಲ್ಲಿ ಉಳಿದಿತ್ತು.

ಅದೇ 2024ರಲ್ಲಿ ಇನ್ನೆರಡು ಪ್ರಕರಣ ಹೊರಬಂದವು, ಎರಡೂ ಸ್ವಲ್ಪ ವಿಚಿತ್ರ. ಟೆಕ್ಸಾಸ್‌ನ ಸಂಸದ ಟ್ರಾಯ್ ನೆಲ್ಸ್ ಕೋಟಿಗೆ ಹಾಕುತ್ತಿದ್ದ ಕಾಲಾಳು ಪಡೆಯ ಬ್ಯಾಡ್ಜ್ ಸೇನೆಯೇ ಕೊಟ್ಟದ್ದು. ಆದರೆ ಅವರು ಕಾಲಾಳು ಪಡೆಯವರಲ್ಲ, ಕೊಟ್ಟದ್ದೇ ತಪ್ಪು ಅಂತ 2023ರಲ್ಲಿ ಸೇನೆ ಅದನ್ನು ವಾಪಸ್ ಪಡೆದಿತ್ತು. ಅವರು ಹಾಕುತ್ತಲೇ ಇದ್ದರು, ಟಿವಿಯಲ್ಲಿ ಸುದ್ದಿಯಾದ ಮೇಲೂ ಕೆಲಕಾಲ. ಮೇರಿಲ್ಯಾಂಡ್‌ನ ಗವರ್ನರ್ ವೆಸ್ ಮೂರ್ 2006ರಲ್ಲಿ ಶ್ವೇತಭವನದ ಫೆಲೋಶಿಪ್ ಅರ್ಜಿಯಲ್ಲಿ ಬ್ರಾಂಜ್ ಸ್ಟಾರ್ ಬಂದಿದೆ ಅಂತ ಬರೆದಿದ್ದರು. ಮೇಲಧಿಕಾರಿ ಶಿಫಾರಸು ಮಾಡಿ, ಬರೆದುಕೋ ಅಂದಿದ್ದರಂತೆ. ಕಾಗದ ಎಲ್ಲೋ ನಿಂತಿತು, ಪದಕ ಬರಲಿಲ್ಲ. ಸುದ್ದಿ ಹೊರಬಿದ್ದ ಮೇಲೆ ಅದೇ ಅಧಿಕಾರಿ ಮತ್ತೆ ಕಾಗದ ಕಳಿಸಿದರು, ಡಿಸೆಂಬರ್‌ನಲ್ಲಿ ಬ್ರಾಂಜ್ ಸ್ಟಾರ್ ಕೈಗೆ ಬಂತು. ಅರ್ಜಿ ತುಂಬಿ 18 ವರ್ಷ ಆಗಿತ್ತು.