ಟಿನ್ ಕಟರ್ ಕೆಟ್ಟಿಲ್ಲ, ಕೊಳೆ ಹಿಡಿದಿದೆ

ಎಂಟು ವರ್ಷದ ಹಿಂದಿನ ಮಾತು, ಕೇಕಿಗೆ ಹಾಕೋಕೆ ಪೈನಾಪಲ್ ಸ್ಲೈಸ್‌ನ ಸಿರಪ್ಪಿಂದ ಎತ್ತಿ ಎತ್ತಿ ಜರಡಿ ಮೇಲೆ ಹರಡ್ತಿದ್ದೆ, ಬೆರಳಿಗೆ ಏನೋ ಚುಚ್ಚಿದಂಗಾಯ್ತು. ಪೈನಾಪಲ್ ನಾರು ಇರ್ಬೇಕು ಅಂದ್ಕೊಂಡು ಬೆಳಕಿಗೆ ಹಿಡಿದ್ರೆ ನಾರಲ್ಲ, ಕೂದಲಷ್ಟು ತೆಳ್ಳಗಿನ ತಗಡಿನ ಸುರುಳಿ. ಅವತ್ತು ಹದಿನೆಂಟು ಕೇಕ್ ಆರ್ಡರ್ ಇತ್ತು, ಅದರಲ್ಲಿ ಅರ್ಧಕ್ಕರ್ಧ ಮಕ್ಕಳ ಬರ್ತ್‌ಡೇದು. ಆ ಟಿನ್ ಪೂರ್ತಿ ಎಸೆದು, ಕಟರ್ ತಂದು ಬೆಳಕಲ್ಲಿ ನೋಡಿದ್ರೆ ಹಲ್ಲಿನ ಚಕ್ರದಲ್ಲಿ ಹಲ್ಲೇ ಕಾಣ್ತಿಲ್ಲ, ಕಪ್ಪಗೆ ಅಂಟಂಟಾಗಿ ಸಕ್ಕರೆ ಪಾಕ, ಕಂಡೆನ್ಸ್ಡ್ ಮಿಲ್ಕು, ತಗಡಿನ ಪುಡಿ ಎಲ್ಲ ಸೇರಿ ಗಟ್ಟಿಯಾಗಿ ಕೂತಿದೆ. ಚಾಕು ದಿನಾ ಮಸೀತೀವಿ, ಕ್ರೀಮ್ ನಾಝಲ್ ಒಂದೊಂದೂ ಬ್ರಷ್ ಹಾಕಿ ತೊಳೀತೀವಿ, ಇದನ್ನ ಮಾತ್ರ ಒರೆಸಿ ಮೊಳೆಗೆ ನೇತಾಕ್ತಿದ್ವಿ. ತಪ್ಪು ನಮ್ದೇ.

ಅವತ್ತಿಂದ ನಮ್ಮ ಕಿಚನ್ನಿಗೆ ಹೊಸ ಹುಡುಗರು ಬಂದ್ರೆ ಮೊದಲ ದಿನವೇ ಟಿನ್ ಕಟರ್ ಪಾಠ. ಎಲ್ಲರೂ ನಗ್ತಾರೆ, ಡಬ್ಬಿ ಒಡೆಯೋದಕ್ಕೆ ಪಾಠ ಬೇಕಾ ಸಾರ್ ಅಂತ. ಅವರಲ್ಲಿ ಹತ್ತಕ್ಕೆ ಎಂಟು ಜನ ಅದನ್ನ ತಲೆಕೆಳಗಾಗಿ ಹಿಡಿದಿರ್ತಾರೆ.

ಅದು ಕೆಲಸ ಮಾಡೋ ರೀತಿ ಒಂದ್ಸಲ ತಲೆಗೆ ಹೋದ್ರೆ ಮತ್ತೆ ಹೇಳಿಕೊಡೋದೇ ಬೇಡ. ಟಿನ್ನಿನ ಮೇಲೆ ಸುತ್ತ ಎದ್ದಿರೋ ಅಂಚು ಇದೆಯಲ್ಲ, ಅಲ್ಲಿ ಮುಚ್ಚಳದ ತುದಿನೂ ಡಬ್ಬಿ ಮೈಯ ತುದಿನೂ ಒಂದಕ್ಕೊಂದು ಕೊಕ್ಕೆ ಹಾಕಿ ಮಡಚಿ ಒತ್ತಿರ್ತಾರೆ, ಒಟ್ಟು ಐದು ಪದರ ತಗಡು. ಅದನ್ನ ಕತ್ತರಿಸೋಕೆ ಹೋಗಲೇಬಾರದು. ಹಲ್ಲಿನ ಚಕ್ರ ಆ ಅಂಚಿನ ಕೆಳಗೆ ಹೊರಗಡೆಯಿಂದ ಕಚ್ಚಿ ಹಿಡ್ಕೋಬೇಕು, ಬ್ಲೇಡು ಅಂಚಿನ ಒಳಗಡೆ ಮುಚ್ಚಳದ ಒಂದೇ ಪದರದ ಮೇಲೆ ಇಳೀಬೇಕು. ಹಿಡಿಕೆ ಎರಡನ್ನೂ ಎಡಗೈಲಿ ಗಟ್ಟಿಯಾಗಿ ಹಿಚುಕಿದ್ರೆ ಟಕ್ ಅಂತ ತೂತಾಗುತ್ತೆ, ಆಮೇಲೆ ಬಲಗೈಲಿ ಆ ಚಿಟ್ಟೆ ಥರದ ಕೀನ ಗಡಿಯಾರದ ಮುಳ್ಳು ಹೋಗೋ ಕಡೆಗೆ ತಿರುಗಿಸ್ತಾ ಹೋಗೋದು, ಹಿಡಿತ ಮಧ್ಯದಲ್ಲಿ ಸಡಿಲ ಬಿಡಂಗಿಲ್ಲ. ಬಿಟ್ಟು ಬಿಟ್ಟು ಹಿಡಿದ್ರೆ ಒಂದೊಂದು ಸಲ ಹಿಡಿದಾಗಲೂ ಬ್ಲೇಡು ಹೊಸದಾಗಿ ಇಳಿಯುತ್ತೆ, ಆ ಜಾಗದಲ್ಲೇ ತಗಡು ಸಿಬಿರು ಏಳೋದು.

ಇನ್ನೊಂದು ವಿಷ್ಯ ಯಾರೂ ಹೇಳಿಕೊಡಲ್ಲ, ಡಬ್ಬಿ ಮೈಮೇಲೆ ಮೇಲಿಂದ ಕೆಳಗೆ ಒಂದು ಜೋಡಣೆ ಗೆರೆ ಇರುತ್ತೆ, ಲೇಬಲ್ ಕೆಳಗೆ ಬೆರಳಾಡಿಸಿದ್ರೆ ಸಿಗುತ್ತೆ. ಆ ಗೆರೆ ಅಂಚಿಗೆ ಬಂದು ಸೇರೋ ಜಾಗದಲ್ಲಿ ತಗಡು ಇನ್ನೂ ದಪ್ಪ. ಅಲ್ಲಿಂದ ಶುರು ಮಾಡಬೇಡಿ, ಅಲ್ಲಿ ನಿಲ್ಲಿಸಲೂಬೇಡಿ, ಅದು ದಾಟಿ ಎರಡು ಬೆರಳು ಬಿಟ್ಟು ಶುರು ಮಾಡಿ. ಕಟರ್ ಜಾರೋದು, ಸಿಕ್ಕಾಕೊಳ್ಳೋದು ಸುಮಾರಾಗಿ ಇಲ್ಲೇ, ಜನ ಬ್ಲೇಡಿಗೆ ಬೈತಾರೆ.

ಪೂರ್ತಿ ಸುತ್ತು ಕತ್ತರಿಸಬೇಡಿ ಅಂತಲೂ ಹೇಳ್ತೀನಿ. ಒಂದು ಬೆರಳಗಲ ಬಿಟ್ಟು, ಸ್ಪೂನ್ ಹಿಂಬದಿಯಿಂದ ಮುಚ್ಚಳ ಎತ್ತಿ ಹಿಂದಕ್ಕೆ ಬಗ್ಗಿಸಿ. ಪೂರ್ತಿ ಕತ್ತರಿಸಿದ್ರೆ ಮುಚ್ಚಳ ಪಾಕದೊಳಗೆ ಮುಳುಗುತ್ತೆ, ಗೋಡೌನಲ್ಲಿ ಇಲಿ ಜಿರಳೆ ಓಡಾಡಿದ್ದ ಮುಚ್ಚಳ ಅದು. ಅದಕ್ಕೇ ಒಡೆಯೋಕೆ ಮುಂಚೆ ಮೇಲ್ಭಾಗ ಸೋಪು ಹಾಕಿ ತೊಳೆದು ಒರೆಸಬೇಕು, ಬರೀ ಒದ್ದೆ ಬಟ್ಟೆ ಸಾಲಲ್ಲ. ಖಾಲಿ ಆದ್ಮೇಲೆ ಮುಚ್ಚಳನ ಡಬ್ಬಿ ಒಳಕ್ಕೇ ಒತ್ತಿ, ಬಾಯಿ ಚಪ್ಪಟೆ ಮಾಡಿ ಕಸಕ್ಕೆ ಹಾಕಿ, ಪೌರಕಾರ್ಮಿಕರು ಅದಕ್ಕೆ ಕೈ ಹಾಕ್ತಾರೆ.

ಮೊದಲ ತೂತು ಬಿದ್ದಾಗ ಕಿವಿ ಕೊಡಿ. ಸ್ಸ್ ಅಂತ ಗಾಳಿ ಒಳಕ್ಕೆ ಎಳ್ಕೊಂಡ್ರೆ ಸರಿ ಇದೆ, ಒಳಗೆ ವ್ಯಾಕ್ಯೂಮ್ ಇತ್ತು ಅಂತ. ಪಾಕ ಹೊರಕ್ಕೆ ಚಿಮ್ಮಿದ್ರೆ ಅಥವಾ ಡಬ್ಬಿ ಮೊದಲೇ ಉಬ್ಬಿದ್ರೆ ರುಚಿ ನೋಡೋಕೂ ಹೋಗಬೇಡಿ, ಎಸೆದುಬಿಡಿ. ಹುಳಿ ಇರೋ ಹಣ್ಣಿನ ಟಿನ್‌ಗಿಂತ ಮಶ್ರೂಮ್, ಬೇಬಿಕಾರ್ನ್, ಬಟಾಣಿ ಟಿನ್ನಲ್ಲಿ ಇದು ಜಾಸ್ತಿ ಅಪಾಯ, ಬಾಟ್ಯುಲಿಸಂ ಅನ್ನೋ ಜೀವ ತೆಗೆಯೋ ಕಾಯಿಲೆ ತರೋ ಬ್ಯಾಕ್ಟೀರಿಯಾ ಹುಳಿ ಕಮ್ಮಿ ಇರೋ ಕಡೆ, ಗಾಳಿ ಇಲ್ಲದಿದ್ರೇನೇ ಬೆಳೆಯುತ್ತೆ, ಅದರ ವಿಷ ಮೂಗಿಗೂ ಗೊತ್ತಾಗಲ್ಲ ನಾಲಗೆಗೂ ಗೊತ್ತಾಗಲ್ಲ.

ಒಡೆದ ಮೇಲೆ ಉಳಿದಿದ್ದನ್ನ ಅದೇ ಡಬ್ಬಿಲಿ ಫ್ರಿಡ್ಜಿಗೆ ಇಡೋ ಚಾಳಿನೂ ಬಿಡಿ. ಪೈನಾಪಲ್ ಟಿನ್ ಒಳಗಡೆ ಹೆಚ್ಚಾಗಿ ಕೋಟಿಂಗ್ ಇಲ್ಲದೆ ಬರೀ ತವರ ಇರುತ್ತೆ, ಬೇಕಂತಲೇ ಹಾಗೆ ಬಿಟ್ಟಿರ್ತಾರೆ, ಹಣ್ಣು ಕಂದು ಆಗದೆ ಹಳದಿ ಬಣ್ಣ ಹಾಗೇ ಉಳೀಲಿ ಅಂತ. ಮುಚ್ಚಿರೋತನಕ ಸರಿ, ಗಾಳಿ ಸೇರಿದ ಮೇಲೆ ಆ ತವರ ಹುಳಿಲಿ ಬೇಗ ಕರಗುತ್ತೆ. ಸ್ಟೀಲ್ ಡಬ್ಬಿಗೋ ಗಾಜಿನ ಬಾಟಲಿಗೋ ಸುರಿದಿಡಿ. (ಬೇಕರಿ ಕೆಂಪು ಚೆರ್ರಿ ಟಿನ್ ಬಗ್ಗೆ ಕೇಳ್ತಾರೆ ಕೆಲವರು, ಅದು ಎಷ್ಟೋ ಸಲ ಚೆರ್ರಿನೇ ಅಲ್ಲ, ನಮ್ಮ ಕವಳೆ ಹಣ್ಣಿಗೆ ಬಣ್ಣ ಹಾಕಿ ಸಕ್ಕರೆಲಿ ಬೇಯಿಸಿರೋದು. ಆ ಕಥೆ ಇನ್ನೊಂದು ದಿನ.)

ಈಗ ಕ್ಲೀನಿಂಗು. ಕಟರ್ ಜಾರ್ತಿದೆ, ಹಲ್ಲು ಕಚ್ತಿಲ್ಲ, ಹೊಸದು ತಗೋಬೇಕು ಅಂತ ಯಾರಾದ್ರೂ ತಂದು ತೋರಿಸಿದ್ರೆ ನಾನು ಮೊದಲು ಬಿಸಿನೀರಿಗೆ ಹಾಕ್ತೀನಿ. ಹತ್ತು ನಿಮಿಷ ಸೋಪಿನ ಬಿಸಿನೀರಲ್ಲಿ ನೆನೆಸಿ ಹಳೇ ಟೂತ್‌ಬ್ರಷ್ಷಲ್ಲಿ ಹಲ್ಲಿನ ಸಂದು ಒಂದೊಂದೂ ಉಜ್ಜಿದ್ರೆ, ಕೀ ತಿರುಗಿಸ್ತಾ ತಿರುಗಿಸ್ತಾ ಉಜ್ಜಬೇಕು, ಅರ್ಧಕ್ಕಿಂತ ಜಾಸ್ತಿ ಕಟರ್ ಮತ್ತೆ ಹೊಸದರ ಥರ ಕಚ್ಚುತ್ತೆ. ಮಡಚಿದ ಬಟರ್ ಪೇಪರ್‌ನ ಟಿನ್ನಿನ ಅಂಚು ಥರ ಹಿಡಿದು ಅದರ ಮೇಲೆ ಕಟರ್ ಓಡಿಸಿದ್ರೂ ಸಂದಿಲಿರೋ ಕೊಳೆ ಎಳ್ಕೊಂಡು ಬರುತ್ತೆ. ತೊಳೆದ ತಕ್ಷಣ ಒರೆಸಿ ಒಲೆ ಪಕ್ಕ ಒಣಗಿಸಿ, ರಾತ್ರಿಯೆಲ್ಲ ಸಿಂಕಲ್ಲಿ ಬಿಟ್ರೆ ಬೆಳಿಗ್ಗೆಗೆ ತುಕ್ಕು. ತೆಳು ತುಕ್ಕಿಗೆ ವಿನೆಗರ್ ಅರ್ಧ ಗಂಟೆ, ಇಲ್ಲಾ ಹುಣಸೇಹಣ್ಣು ಉಪ್ಪು ಹಾಕಿ ಉಜ್ಜಿದ್ರೂ ಹೋಗುತ್ತೆ, ಹಿತ್ತಾಳೆ ದೀಪ ಬೆಳಗ್ತೀವಲ್ಲ ಹಂಗೆ. ಆದ್ರೆ ಮೇಲಿನ ಹೊಳಪಿನ ಲೇಪ ಸಿಪ್ಪೆ ಏಳ್ತಿದ್ರೆ ಯಾವ ಉಪಚಾರನೂ ಬೇಡ, ಗುಜರಿಗೆ ಹಾಕಿ, ಆ ಸಿಪ್ಪೆ ಬೀಳೋದು ಡಬ್ಬಿ ಒಳಗೇ.

ಎಣ್ಣೆ ವಿಷ್ಯಕ್ಕೆ ಜಗಳನೇ ಆಗುತ್ತೆ. ಮನೇಲಿ ಎಲ್ರೂ ಕೊಬ್ಬರಿ ಎಣ್ಣೆ ಹಾಕ್ತಾರೆ, ಬೆಂಗಳೂರಿನ ಡಿಸೆಂಬರ್ ಚಳಿಗೆ ಅದು ಹೆಪ್ಪುಗಟ್ಟಿ ಚಕ್ರ ಬಿಗಿಯುತ್ತೆ, ಯಾಕಂದ್ರೆ 24 ಡಿಗ್ರಿ ಹತ್ರ ಬಂದ್ರೇನೇ ಅದು ಗಟ್ಟಿಯಾಗೋಕೆ ಶುರು. ಸೂರ್ಯಕಾಂತಿ ಎಣ್ಣೆ ಹಾಕಿದ್ರೆ ತಿಂಗಳಲ್ಲಿ ಗೋಂದು ಆಗಿ ಕೊಳೆ ಹಿಡಿಯುತ್ತೆ. ಹೊಲಿಗೆ ಮಿಷನ್ ಎಣ್ಣೆ ಊಟಕ್ಕೆ ತಾಗೋ ಸಾಮಾನಿಗೆ ಬೇಡವೇ ಬೇಡ. ಮೆಡಿಕಲ್ ಶಾಪಲ್ಲಿ ಲಿಕ್ವಿಡ್ ಪ್ಯಾರಾಫಿನ್ ಅಂತ ಕೇಳಿ, ಮಲಬದ್ಧತೆಗೆ ಕುಡಿಯೋಕೆ ಕೊಡ್ತಾರಲ್ಲ ಅದೇ, ಬಣ್ಣ ಇಲ್ಲ ವಾಸನೆ ಇಲ್ಲ ಕೆಡೋದೂ ಇಲ್ಲ. ಚಕ್ರದ ಅಚ್ಚಿಗೆ ಒಂದು ಹನಿ, ಕೀ ಬುಡಕ್ಕೆ ಒಂದು ಹನಿ, ಜಾಸ್ತಿ ಆಗಿದ್ದು ಒರೆಸಿ. ಒಂದು ಬಾಟಲಿ ನಮ್ಮಲ್ಲಿ ಎರಡು ವರ್ಷ ಬರುತ್ತೆ.

ತೊಳೆದು ಎಣ್ಣೆ ಹಾಕಿದ ಮೇಲೂ ಜಾರಿದ್ರೆ ಬ್ಲೇಡಿಗೂ ಚಕ್ರಕ್ಕೂ ಮಧ್ಯದ ಸಂದು ನೋಡಿ, ರಿವಿಟ್ ಸಡಿಲ ಆಗಿ ಅಂತರ ಜಾಸ್ತಿ ಆಗಿರುತ್ತೆ. ಸುತ್ತಿಗೆಲಿ ರಿವಿಟ್ಟಿಗೆ ಒಂದೆರಡು ಹಗುರ ಏಟು ಕೊಟ್ರೆ ಕೆಲವು ಸಲ ಸರಿ ಹೋಗುತ್ತೆ, ಹೋಗದಿದ್ರೆ ಅದರ ಆಯಸ್ಸು ಮುಗೀತು. ಬ್ಲೇಡು ಮೊಂಡಾಗಿದ್ರೂ ಅಷ್ಟೇ. ಚಿಕ್ಕ ಕಟರ್‌ನ ಮಸಿಯೋಕೆ ಹೋಗಬೇಡಿ, ಸ್ಟೀಲ್ ಒಂದು ಪದರ ಹೋಗಿ ಅಂತರ ಇನ್ನೂ ಜಾಸ್ತಿ ಆಗುತ್ತೆ.

ಕಟರ್ ಇಲ್ಲದ ಮನೇಲಿ ಹಳೇ ಚಾಕು ತುದಿ ಇಟ್ಟು ಗುಂಡುಕಲ್ಲಿಂದ ಹೊಡೆಯೋದು ನೋಡಿದೀನಿ, ನಮ್ಮಣ್ಣನ ಹೆಬ್ಬೆರಳಿಗೆ ಹಂಗೇ ನಾಲ್ಕು ಹೊಲಿಗೆ ಬಿದ್ದಿದೆ. ಬೈಯೋಕೂ ಆಗಲ್ಲ, ಟಿನ್ ಡಬ್ಬಿಗೆ ಇಂಗ್ಲೆಂಡಲ್ಲಿ ಪೇಟೆಂಟ್ ಸಿಕ್ಕಿದ್ದು 1810ರಲ್ಲಿ, ಅಮೆರಿಕದ ಎಜ್ರಾ ವಾರ್ನರ್ ಓಪನರ್‌ಗೆ ಪೇಟೆಂಟ್ ತಗೊಂಡಿದ್ದು 1858ರಲ್ಲಿ. ಆ ದಪ್ಪ ತಗಡಿನ ಡಬ್ಬಿಗಳನ್ನ ಜನ ಉಳಿ ಸುತ್ತಿಗೆಲೇ ಒಡೀತಿದ್ರು. ಸುತ್ತ ಓಡೋ ಚಕ್ರದ ಬ್ಲೇಡು ಬಂದಿದ್ದು 1870ರಲ್ಲಿ, ವಿಲಿಯಂ ಲೈಮನ್ ಮಾಡಿದ್ದು. ಅಂಚು ಕಚ್ಚೋ ಹಲ್ಲಿನ ಚಕ್ರಕ್ಕೆ 1925ರ ತನಕ ಕಾಯಬೇಕಾಯ್ತು, ನಾವು ಬ್ರಷ್ ಹಾಕಿ ಉಜ್ಜೋದು ಅದನ್ನೇ.

ಹೊರದೇಶದಲ್ಲಿರೋ ನಮ್ಮವರು ಟೊಮೆಟೊ, ಕಾಬೂಲಿ ಕಡಲೆ, ತೆಂಗಿನಹಾಲು, ಮಾವಿನ ಪಲ್ಪ್ ಎಲ್ಲ ಟಿನ್ನಲ್ಲೇ ತರೋದು, ಅವರಿಗೆ ಇದು ದಿನದ ಕೆಲಸ. ಅಲ್ಲಿ ಅಂಚಿನ ಪಕ್ಕದಿಂದ ಕತ್ತರಿಸೋ ಕಟರ್ ಸುಲಭಕ್ಕೆ ಸಿಗುತ್ತೆ, ಮುಚ್ಚಳ ಹಾಗೇ ಎದ್ದು ಬರುತ್ತೆ, ಕೈ ಕುಯ್ಯೋದು ಕಮ್ಮಿ. ನನಗೇನೋ ಅದು ಅಷ್ಟು ಹಿಡಿಸಲಿಲ್ಲ, ಅಂಚು ಸ್ವಲ್ಪ ಜಜ್ಜಿದ್ರೂ ಮುಂದಕ್ಕೆ ಹೋಗಲ್ಲ, ನಮ್ಮ ಕಡೆ ಲಾರಿಲಿ ಬರೋ ಟಿನ್ನುಗಳಲ್ಲಿ ಜಜ್ಜದೇ ಇರೋದು ಎಷ್ಟಿದೆ ಹೇಳಿ.

ಎಡಗೈಯವರಿಗೆ ಮಾತ್ರ ಇದು ಹಿಂಸೆ, ಸಾಮಾನ್ಯವಾಗಿ ಸಿಗೋ ಕಟರಲ್ಲಿ ಕೀ ಬಲಕ್ಕೇ ಇರುತ್ತೆ. ನಮ್ಮಲ್ಲಿ ಒಬ್ಬ ಎಡಚ ಹುಡುಗ ಕೈ ಅಡ್ಡಡ್ಡ ಹಾಕ್ಕೊಂಡು ಒದ್ದಾಡ್ತಿದ್ದ, ಅವನಿಗೋಸ್ಕರ ಅಂತ್ಲೇ ಟೇಬಲ್ಲಿಗೆ ಬೋಲ್ಟ್ ಹಾಕಿ ಕೂರಿಸೋ ದೊಡ್ಡ ಕಟರ್ ತಂದೆ, ಮೂರು ಕೆಜಿ ಪಲ್ಪ್ ಟಿನ್ನಿಗೂ ಅದೇ ಬೇಕಿತ್ತು ಅನ್ನಿ. ಅದರ ಬ್ಲೇಡು, ಚಕ್ರ ಎರಡೂ ಬಿಚ್ಚಿ ಹಾಕಬಹುದು, ವರ್ಷಕ್ಕೆರಡು ಸಲ ಬದಲಾಯಿಸ್ತೀವಿ. ಈಗ ಸೀಸನ್ನಲ್ಲಿ ಟಿನ್ ಎಲ್ಲ ಅವನೇ ಒಡೆಯೋದು, ಸಂಜೆ ಬ್ಲೇಡು ಬಿಚ್ಚಿ ತೊಳೆದು ಅವನೇ ಹಾಕೋದು, ಬೇರೆಯವರು ಮುಟ್ಟಿದ್ರೆ ಬೈತಾನೆ.